ಎರಡು ಬೆರಳು ಕೆಳಗೆ

ಮನೆಯ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಮನೆಯ ಕಾರು ಅವನ ಕಣ್ಣಿಗೆ ಇದ್ದಕ್ಕಿದ್ದಂತೆ ಎತ್ತರವಾಗಿ ಕಾಣತೊಡಗುತ್ತದೆ. ನಿನ್ನೆಯವರೆಗೆ ಅದೇ ಕಾರಿನ ಕಿಟಕಿಯ ಪಕ್ಕದ ಜಾಗಕ್ಕಾಗಿ ತಂಗಿಯೊಡನೆ ಜಗಳವಾಡಿದವನು ಇಂದು ದೂರ ನಿಂತು, ತಲೆ ಓರೆ ಮಾಡಿ, ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಇರುವ ಖಾಲಿ ಜಾಗವನ್ನು ನೋಡುತ್ತಾನೆ. ಅಲ್ಲಿ ನಾಲ್ಕು ಬೆರಳು ತೂರುತ್ತವೆ. ಎರಡೇ ಬೆರಳು ತೂರುವಂತಿದ್ದರೆ ಕಾರಿನ ಗತ್ತೇ ಬೇರೆ ಎಂಬುದು ಅವನ ಸಿದ್ಧಾಂತ. ಅದಕ್ಕೆ ಬೇಕಾದದ್ದು ಗಿಡ್ಡ ಸ್ಪ್ರಿಂಗು; ಅದನ್ನು ಹಾಕುವುದು ಹೇಗೆಂದು ಹೇಳಿಕೊಡುವ ವಿಡಿಯೋಗಳು ಮೊಬೈಲಿನಲ್ಲಿ ಬೇಕಾದಷ್ಟು.

ಈ ಆಸೆಗೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು, "ಮೊದಲು ಓದು ಮುಗಿಸು, ಆಮೇಲೆ ಕಾರಿನ ಸುದ್ದಿ." ಇನ್ನೊಂದು, "ಹೋಗಲಿ ಬಿಡಿ, ಆಸೆಪಟ್ಟಿದ್ದಾನೆ, ಮಾಡಿಸಿಕೊಳ್ಳಲಿ." ಮೊದಲನೆಯದರಲ್ಲಿ ಕೋಪವಿದೆ, ಎರಡನೆಯದರಲ್ಲಿ ಮುದ್ದಿದೆ. ಎರಡರಲ್ಲೂ ಕಾರಿನ ವಿಚಾರ ಮಾತ್ರ ಇಲ್ಲ.

ಶಿವಮೊಗ್ಗದ ಒಂದು ಮನೆಯಲ್ಲಿ ಮೂರನೆಯ ಬಗೆಯ ಉತ್ತರ ಬಂತು. ಅಲ್ಲಿ ಅಪ್ಪ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವರು. ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಸೋದರಮಾವನಿಂದ ಬಂದ ಹಳೆಯ ಪುಟ್ಟ ಕಾರು, ಎಂಬತ್ತು ಸಾವಿರ ಕಿಲೋಮೀಟರು ಓಡಿದ್ದು. ತಿಂಗಳಿಗೊಮ್ಮೆ ಅದು ತೀರ್ಥಹಳ್ಳಿಯ ಆಚೆಯ ಹಳ್ಳಿಗೆ ಹೋಗಿ ಅಜ್ಜಿಯನ್ನು ಶಿವಮೊಗ್ಗದ ಡಾಕ್ಟರ ಬಳಿಗೆ ಕರೆತರಬೇಕು. ಅಜ್ಜಿಗೆ ಬೆನ್ನುಮೂಳೆಯ ಸವೆತ. ರಸ್ತೆಯ ಪ್ರತಿ ಗುಂಡಿಯೂ ಆಕೆಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತ.

"ಅಪ್ಪ, ಕಾರು ಒಂದು ಮೂರೂವರೆ ಸೆಂಟಿಮೀಟರ್ ಇಳಿಸಿದ್ರೆ ರೋಡ್ ಗ್ರಿಪ್ ಜಾಸ್ತಿ ಆಗುತ್ತೆ. ಟ್ಯೂಷನ್ ಹೇಳಿ ಉಳಿಸಿದ ದುಡ್ಡು ಇದೆ, ನಿಮ್ಮನ್ನೇನೂ ಕೇಳಲ್ಲ" ಎಂದ ಮಗ. ಗೆಳೆಯನೊಬ್ಬ ಇನ್ನೂ ಅಗ್ಗದ ದಾರಿಯನ್ನು ಹೇಳಿಕೊಟ್ಟಿದ್ದ: ಇರುವ ಸ್ಪ್ರಿಂಗಿನಲ್ಲೇ ಒಂದು ಸುತ್ತು ಕತ್ತರಿಸಿದರೆ ಆಯಿತು, ಅರ್ಧ ದಿನದ ಕೆಲಸ.

ಅಪ್ಪ ಬೇಡ ಎನ್ನಲಿಲ್ಲ. ಲೆಕ್ಕದವರಾದ್ದರಿಂದ ಲೆಕ್ಕ ಕೇಳಿದರು. "ಎಷ್ಟು ಇಳಿಸ್ತೀಯ ಅಂತ ಹೇಳ್ದೆ. ಇಳಿಸಿದ ಮೇಲೆ ಎಷ್ಟು ಉಳಿಯುತ್ತೆ ಅಂತ ಹೇಳ್ಲಿಲ್ಲ. ಜಮಾ ಖರ್ಚು ಎರಡೂ ಬರೆದು ತೋರಿಸು, ಆಮೇಲೆ ನೋಡೋಣ."

ಮಗನ ಆಸೆ ಎಲ್ಲಿಂದ ಬಂತೆಂದು ಹುಡುಕಿದರೆ ಎರಡು ಬೇರುಗಳು ಸಿಗುತ್ತವೆ. ಒಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಲ್ಲಿನ ಮೆಕ್ಸಿಕನ್ ಮೂಲದ ಯುವಕರು ಹಳೆಯ ಕಾರುಗಳ ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗಿನ ಸುತ್ತು ಕತ್ತರಿಸಿ, ನೆಲಕ್ಕೆ ತಾಗುವಂತೆ ತಗ್ಗಿಸಿದರು. ಅವರಿಗೆ ವೇಗ ಬೇಕಿರಲಿಲ್ಲ. ಸಂಜೆ ಹೊತ್ತು ಬೀದಿಯಲ್ಲಿ ನಿಧಾನವಾಗಿ, ಎಲ್ಲರ ಕಣ್ಣಿಗೂ ಬೀಳುವಂತೆ ಸಾಗುವುದೇ ಅವರ ಉದ್ದೇಶ. ಈ ಕಾರುಗಳಿಗೆ 'ಲೋರೈಡರ್' ಎಂದು ಹೆಸರಾಯಿತು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಇರಕೂಡದೆಂದು 1958ರಲ್ಲಿ ಅಲ್ಲಿನ ಸರಕಾರ ಕಾನೂನು ತಂದಿತು. ಮರುವರ್ಷವೇ ರಾನ್ ಅಗಿರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಸಾಮಾನು ಜೋಡಿಸಿ, ಬೇಕೆಂದಾಗ ಏರುವ, ಬೇಡವೆಂದಾಗ ಇಳಿಯುವ ಕಾರು ಮಾಡಿದ. ಪೊಲೀಸರು ಕಂಡರೆ ಕಾರು ಸಭ್ಯವಾಗಿ ಎದ್ದು ನಿಲ್ಲುತ್ತಿತ್ತು! ಆ ಕಾನೂನು ರದ್ದಾದದ್ದು 2024ರ ಜನವರಿ 1ರಿಂದ.

ಇನ್ನೊಂದು ಬೇರು ರೇಸಿನ ಮೈದಾನದಲ್ಲಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲೋ ಕೊಯಮತ್ತೂರು ಬಳಿಯ ಕರಿ ಟ್ರ್ಯಾಕಿನಲ್ಲೋ ಓಡುವ ರೇಸು ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಇರುತ್ತವೆ. ಅಲ್ಲಿ ಅಂದಕ್ಕಿಂತ ತಿರುವು ಮುಖ್ಯ. ಒಂದು ಕಡೆ ನಿಧಾನಕ್ಕಾಗಿ ಇಳಿಸಿದವರು, ಇನ್ನೊಂದು ಕಡೆ ವೇಗಕ್ಕಾಗಿ ಇಳಿಸಿದವರು. ನಮ್ಮ ಹುಡುಗರಿಗೆ ಒಬ್ಬರ ಅಂದವೂ ಬೇಕು, ಇನ್ನೊಬ್ಬರ ತಿರುವೂ ಬೇಕು. ಆದರೆ ಆ ಇಬ್ಬರಿಗೂ ಇಲ್ಲದ ಒಂದು ಸಂಗತಿ ನಮ್ಮ ಮನೆಯ ಕಾರಿಗಿದೆ: ಹಿಂದಿನ ಸೀಟಿನಲ್ಲಿ ಕೂರುವ ಅಜ್ಜಿ.

ಮಗ ಮೊದಲು ಜಮಾ ಬರೆದ. ಕಾರು ತಿರುಗುವಾಗ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ವರ್ಗವಾಗುತ್ತದೆ. ಬಸ್ಸಿನ ತಿರುವಿನಲ್ಲಿ ನಿಂತವರೆಲ್ಲ ಹೊರಕ್ಕೆ ವಾಲುವುದನ್ನು ನೋಡಿದವರಿಗೆ ಇದು ಗೊತ್ತು. ಕಾರಿನ ರಾಶಿ 1000 ಕಿಲೋ, ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ಜೋರಾದ ತಿರುವಿನಲ್ಲಿ ವರ್ಗವಾಗುವ ಭಾರ: 1000 x 4.9 x 0.55 / 1.4 = 1925 ನ್ಯೂಟನ್, ಅಂದರೆ ಸುಮಾರು 196 ಕಿಲೋ ತೂಕ. ಗುರುತ್ವ ಕೇಂದ್ರವನ್ನು 3 ಸೆಂಟಿಮೀಟರ್ ಇಳಿಸಿದರೆ ಇದು 1820 ನ್ಯೂಟನ್, ಅಂದರೆ ಸುಮಾರು 186 ಕಿಲೋ ಆಗುತ್ತದೆ. ಲಾಭ ಹತ್ತು ಕಿಲೋ ಚಿಲ್ಲರೆ, ನೂರಕ್ಕೆ ಐದೂವರೆ ಪಾಲು. ಲಾಭ ಸುಳ್ಳಲ್ಲ. ರೇಸಿನಲ್ಲಿ ಇಷ್ಟಕ್ಕಾಗಿ ಜನ ಪ್ರಾಣ ಬಿಡುತ್ತಾರೆ. ಆದರೆ ಹಿಂದಿನ ಡಿಕ್ಕಿಯಿಂದ ಒಂದು ಬೇಡದ ಸಾಮಾನಿನ ಮೂಟೆ ಇಳಿಸಿದರೂ ಕಾರಿಗೆ ಇದರ ಹತ್ತಿರದ ಹಗುರತನ ಬರುತ್ತದೆ ಎಂದು ಅಪ್ಪ ಅಂಚಿನಲ್ಲಿ ಷರಾ ಬರೆದರು.

ಇನ್ನು ಖರ್ಚಿನ ಬಾಬತ್ತು. ಇಲ್ಲಿ ಸ್ಪ್ರಿಂಗಿನ ಮೂಲಪಾಠ ಬೇಕಾಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ತಾನು ಕಂಡುಕೊಂಡ ನಿಯಮವನ್ನು ಬೇರೆಯವರು ಕದ್ದಾರೆಂಬ ಭಯದಿಂದ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದ. ಎರಡು ವರ್ಷ ಕಳೆದು, 1678ರಲ್ಲಿ, ಒಗಟು ಬಿಡಿಸಿದ. ಅದರ ತಾತ್ಪರ್ಯ ಹೈಸ್ಕೂಲಿನ ಮಕ್ಕಳಿಗೂ ಗೊತ್ತು: ಬಲ ಎಷ್ಟೋ ಸ್ಪ್ರಿಂಗಿನ ಎಳೆತ ಅಥವಾ ಕುಗ್ಗುವಿಕೆ ಅಷ್ಟಕ್ಕೆ ತಕ್ಕಂತೆ. ಬಲ ಇಮ್ಮಡಿಯಾದರೆ ಕುಗ್ಗುವಿಕೆಯೂ ಇಮ್ಮಡಿ. ಕಾರಿನ ಸ್ಪ್ರಿಂಗ್ ಈ ನಿಯಮದ ಪ್ರಕಾರ ಕಾರನ್ನು ಹೊತ್ತು ನಿಂತಿದೆ. ಗುಂಡಿಯೋ ಹಂಪೋ ಬಂದಾಗ ಇನ್ನಷ್ಟು ಕುಗ್ಗಲು ಅದಕ್ಕೆ ಜಾಗ ಬೇಕು. ಆ ಜಾಗ ಮುಗಿದುಹೋದರೆ ಕೊನೆಗೆ ಒಂದು ರಬ್ಬರಿನ ಗುಬುಟು ಕಾದಿರುತ್ತದೆ. ಮೇಸ್ತ್ರಿಗಳು ಅದನ್ನು ಬಂಪ್ ಸ್ಟಾಪ್ ಎನ್ನುತ್ತಾರೆ. ಕಾರು ಅದರ ಮೇಲೆ ಕುಳಿತರೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಕಾರಿಗೂ ಸಲ್ಲುತ್ತದೆ. ಕಾರು ಇಳಿಸುವುದೆಂದರೆ ಹಾಸಿಗೆಯನ್ನೇ ಗಿಡ್ಡ ಮಾಡುವುದು.

ಹಾಗಾದರೆ ಈ ಕಾರಿನ ಹಾಸಿಗೆ ಎಷ್ಟು ಉದ್ದ? ಅಜ್ಜಿ ಊರಿನಿಂದ ಬಂದ ದಿನ ಅಂಗಳದಲ್ಲೇ ಪ್ರಯೋಗ ನಡೆಯಿತು. ಬೇಕಾದ ಉಪಕರಣ ದರ್ಜಿಯ ಟೇಪು, ಸ್ನಾನದ ಮನೆಯ ತೂಕದ ಯಂತ್ರ, ಒಂದು ನೋಟ್ ಪುಸ್ತಕ. ಮೊದಲು ಖಾಲಿ ಕಾರನ್ನು ನಾಲ್ಕೂ ಮೂಲೆಯಲ್ಲಿ ಎರಡೆರಡು ಸಲ ಒತ್ತಿ ಬಿಟ್ಟರು, ಕೀಲುಗಳ ಬಿಗಿತದಿಂದ ಅಳತೆ ತಪ್ಪಬಾರದೆಂದು. ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಅಳೆದು ಬರೆದರು. ಆಮೇಲೆ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯ ಚಿಕ್ಕಪ್ಪ ತೂಕ ನೋಡಿಕೊಂಡು ಒಳಗೆ ಕುಳಿತರು. ಒಟ್ಟು 260 ಕಿಲೋ. "ನನ್ನನ್ನ ತಕ್ಕಡಿ ಕಲ್ಲು ಮಾಡಿದ್ರಲ್ಲೋ" ಎಂದು ಅಜ್ಜಿ ನಕ್ಕರು. ಮಗ ಮತ್ತೆ ನಾಲ್ಕೂ ಕಡೆ ಅಳೆದ. ಕಾರು ಸರಾಸರಿ 4 ಸೆಂಟಿಮೀಟರ್ ಇಳಿದಿತ್ತು.

ಇಷ್ಟು ಸಿಕ್ಕಿದರೆ ಸಾಕು, ಹುಕ್ಕನ ನಿಯಮ ಮುಂದಿನದನ್ನು ಹೇಳುತ್ತದೆ. 260 x 9.8 = 2548 ನ್ಯೂಟನ್. ಅದನ್ನು 0.04 ಮೀಟರಿನಿಂದ ಭಾಗಿಸಿದರೆ ಮೀಟರಿಗೆ 63,700 ನ್ಯೂಟನ್. ನಾಲ್ಕೂ ಚಕ್ರಗಳ ಬಳಿ ಅಳೆದಂತೆ ಕಾರಿನ ಒಟ್ಟು ಸ್ಪ್ರಿಂಗ್ ಬಿಗಿತ ಇದು. ಸ್ಪ್ರಿಂಗಿನ ಮೇಲೆ ಕುಳಿತ ಭಾಗದ ರಾಶಿ ಸುಮಾರು 800 ಕಿಲೋ ಎಂದು ಹಿಡಿದರೆ, ಬಿಗಿತವನ್ನು ರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದಾಗ 1.42 ಬರುತ್ತದೆ. ಅಂದರೆ ತಡೆಯುವವರಿಲ್ಲದಿದ್ದರೆ ಕಾರು ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮೇಲೆ ಕೆಳಗೆ ತೂಗುತ್ತದೆ. ಮನೆಬಳಕೆಯ ಕಾರುಗಳ ತೂಗಾಟ ಹೆಚ್ಚಾಗಿ ಒಂದರಿಂದ ಒಂದೂವರೆಯ ಆಸುಪಾಸಿನಲ್ಲೇ ಇರುತ್ತದೆ. ಮನುಷ್ಯನ ನಡಿಗೆ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆಯಷ್ಟೆ. ಇಂಥ ನಿಧಾನದ ಏರಿಳಿತ ನಮ್ಮ ದೇಹಕ್ಕೆ ರೂಢಿಯಾಗಿದೆ. ಕುಳಿತವರ ದೇಹಕ್ಕೆ ಮೇಲಿಂದ ಕೆಳಗಿನ ಅಲುಗಾಟ ಹೆಚ್ಚು ತಾಗುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಆವೃತ್ತಿಯಲ್ಲಿ.

ಗಿಡ್ಡ ಸ್ಪ್ರಿಂಗುಗಳು ಮೂಲ ಸ್ಪ್ರಿಂಗಿಗಿಂತ ಬಿಗಿಯಾಗಿರುತ್ತವೆ. ಹಾಗಿರಲೇಬೇಕು. ಅದೇ ವೇಗದಲ್ಲಿ ಕೆಳಗೆ ಬರುವ ಕಾರನ್ನು ಅರ್ಧ ದೂರದೊಳಗೆ ನಿಲ್ಲಿಸಬೇಕಾದರೆ ಸರಾಸರಿ ಬಲ ಇಮ್ಮಡಿಯಾಗಬೇಕು ಎನ್ನುವುದು ಚಲನೆಯ ಸಮೀಕರಣ ಕಲಿತ ಮಗುವಿಗೂ ತಿಳಿಯುತ್ತದೆ. ಮಗ ಕೊಳ್ಳಬೇಕೆಂದಿದ್ದ ಸ್ಪ್ರಿಂಗ್ ನೂರಕ್ಕೆ ಮೂವತ್ತರಷ್ಟು ಬಿಗಿ ಎಂದು ಹಿಡಿದರು. ಆಗ ತೂಗಾಟ 1.42ರಿಂದ 1.62ಕ್ಕೆ ಏರುತ್ತದೆ. ಇದೊಂದರಿಂದಲೇ ಅಜ್ಜಿಯ ಬೆನ್ನಿಗೆ ದೊಡ್ಡ ಅನಾಹುತವಿಲ್ಲ. ಮಗ ಗೆದ್ದಂತೆ ತಲೆಯೆತ್ತಿದ. ಅಪ್ಪನೂ ಒಪ್ಪಿಕೊಂಡರು.

ಆದರೆ ಕೊನೆಯ ಕೂಡು-ಕಳೆ ಬಾಕಿಯಿತ್ತು. ಗ್ಯಾರೇಜಿನ ಮೇಸ್ತ್ರಿ ಕಾರನ್ನು ನೋಡಿ, ಖಾಲಿ ಇದ್ದಾಗ ರಬ್ಬರಿನ ಗುಬುಟು ತಾಗುವವರೆಗೆ ಏಳೂವರೆ ಸೆಂಟಿಮೀಟರ್ ಜಾಗವಿದೆಯೆಂದು ಅಳೆದು ಹೇಳಿದ್ದ. ಈಗಿನ ಸ್ಪ್ರಿಂಗಿನಲ್ಲಿ ನಾಲ್ವರು ಕುಳಿತರೆ 4 ಹೋಗಿ ಮೂರೂವರೆ ಉಳಿಯುತ್ತದೆ. ಹೊಸ ಸ್ಪ್ರಿಂಗಿನಲ್ಲಿ ಇಳಿಸಿದ ಮೂರೂವರೆ ಮೊದಲೇ ಖರ್ಚು. ನಾಲ್ವರು ಕುಳಿತಾಗ, ಬಿಗಿಯಾದ್ದರಿಂದ, 4ರ ಬದಲು 3.1 ಇಳಿಯುತ್ತದೆ. ಏಳೂವರೆಯಲ್ಲಿ ಮೂರೂವರೆ ಕಳೆದು, ಮತ್ತೆ 3.1 ಕಳೆದರೆ ಉಳಿಯುವುದು 0.9. ಒಂದು ಸೆಂಟಿಮೀಟರೂ ಇಲ್ಲ. ಒಬ್ಬನೇ ಕುಳಿತು ನುಣುಪಾದ ರಸ್ತೆಯಲ್ಲಿ ಹೋಗುವವನಿಗೆ ಈ ಕಾರು ಸೊಗಸು. ಅಪ್ಪ, ಅಮ್ಮ, ಅಜ್ಜಿ ಕುಳಿತ ದಿನ ಮಾತ್ರ ಅದು ಪ್ರತಿ ಗುಂಡಿಗೂ ರಬ್ಬರಿನ ಮೇಲೆ ಕುಕ್ಕುತ್ತದೆ. ಆ ಕುಕ್ಕು ನಿಧಾನದ ತೂಗಾಟವಲ್ಲ, ಬೆನ್ನುಮೂಳೆಗೆ ನೇರವಾಗಿ ತಾಗುವ ಹೊಡೆತ. ನೋಟ್ ಪುಸ್ತಕದಲ್ಲಿ 0.9ರ ಕೆಳಗೆ ಎರಡು ಗೆರೆ ಎಳೆದವನು ಮಗನೇ.

ಗೆಳೆಯನ ಅಗ್ಗದ ದಾರಿಗೂ ಲೆಕ್ಕ ಹಾಕಿದರು. ಸುರುಳಿ ಸ್ಪ್ರಿಂಗಿನ ಬಿಗಿತ ಅದರ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿ ಐದು ಮಾಡಿದರೆ ಬಿಗಿತ ನೂರಕ್ಕೆ ಇಪ್ಪತ್ತು ಏರುತ್ತದೆ. ಮೂಲ ಸ್ಪ್ರಿಂಗು ತಯಾರಿಸುವವರು ಬಿಗಿತ ಬೇಕೆಂದರೆ ತಂತಿಯನ್ನು ದಪ್ಪ ಮಾಡುತ್ತಾರೆ. ಬಿಗಿತ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಸಾರ. 12 ಮಿಲಿಮೀಟರ್ ತಂತಿ 13 ಆದರೆ ಸಾಕು, ಬಿಗಿತ ನೂರಕ್ಕೆ ಮೂವತ್ತೆಂಟು ಹೆಚ್ಚುತ್ತದೆ. ಕತ್ತರಿಸಿದಾಗ ಎತ್ತರ ಬಹಳ ಹೋಗುತ್ತದೆ, ಬಿಗಿತ ಅದಕ್ಕೆ ತಕ್ಕಷ್ಟು ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಸ್ಪ್ರಿಂಗಿನ ಕೊನೆಯ ಸುತ್ತು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವಂತೆ ರೂಪಿಸಿದ್ದು. ಅದನ್ನು ಕತ್ತರಿಸಿದ ಮೇಲೆ, ದೊಡ್ಡ ಗುಂಡಿಯಲ್ಲಿ ಚಕ್ರ ಪೂರ್ತಿ ಕೆಳಗಿಳಿದಾಗ ಗಿಡ್ಡವಾದ ಸ್ಪ್ರಿಂಗ್ ಸಡಿಲವಾಗಿ ತನ್ನ ಜಾಗ ತಪ್ಪಬಹುದು. ಗ್ಯಾಸಿನ ಉರಿಯಿಂದ ಕಾಯಿಸಿ ಇಳಿಸುವವರೂ ಇದ್ದಾರೆ. ಉಕ್ಕಿಗೆ ಕೊಟ್ಟ ಹದ ಆ ಬಿಸಿಯಲ್ಲಿ ಹೋಗಿಬಿಡುತ್ತದೆ. ಹದ ಹೋದ ಉಕ್ಕು ಸ್ಪ್ರಿಂಗಲ್ಲ, ಬರೀ ಸುತ್ತಿದ ಸರಳು.

ಲೆಕ್ಕ ಇಲ್ಲಿಗೆ ಮುಗಿದಿದ್ದರೆ ಅಪ್ಪ ಗೆದ್ದರು, ಮಗ ಸೋತ ಎಂದು ಬರೆಯಬಹುದಿತ್ತು. ಆದರೆ ಅಂಗಳದ ಪ್ರಯೋಗದಲ್ಲಿ ಮಗ ಇನ್ನೊಂದನ್ನು ಗಮನಿಸಿದ್ದ. ಮುಂದಿನ ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಒಮ್ಮೆ ಎದ್ದು ನಿಲ್ಲಬೇಕಿತ್ತು. ಅದು ಮೂರು ಸಲ ತೂಗಿತು. ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. "ಅಪ್ಪ, ಕಂಪನಿಯವರು ಕೊಟ್ಟ ಹಾಗೇ ಇರ್ಲಿ ಅಂತೀರಲ್ಲ, ಕಂಪನಿ ಕೊಟ್ಟ ಹಾಗೆ ಈಗ ಎಲ್ಲಿದೆ?" ಎಂದ. ಈ ಪ್ರಶ್ನೆಗೆ ಅಪ್ಪನ ಬಳಿ ಉತ್ತರವಿರಲಿಲ್ಲ.

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ರಸ್ತೆಯ ಹೊಡೆತವನ್ನು ಹೀರುವುದು ಸ್ಪ್ರಿಂಗು. ಹೀರಿಕೊಂಡ ಶಕ್ತಿಯನ್ನು ಸ್ಪ್ರಿಂಗು ಹಾಗೆಯೇ ವಾಪಸು ಕೊಡುತ್ತದೆ, ಅದಕ್ಕೇ ಕಾರು ತೂಗುತ್ತದೆ. ಆ ತೂಗಾಟವನ್ನು ಕೊಲ್ಲುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗೆ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಚಲನೆಯ ಶಕ್ತಿಯನ್ನು ಶಾಖ ಮಾಡುತ್ತದೆ. ಜೋಕಾಲಿ ತೂಗುವ ಮಗುವನ್ನು ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದಂತೆ. ಎಣ್ಣೆ ಸೋರಿದರೆ ಚಕ್ರ ರಸ್ತೆಯನ್ನು ಒತ್ತಿಕೊಂಡಿರದೆ ಕುಪ್ಪಳಿಸುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ. ಸ್ಪ್ರಿಂಗ್ ಬಿಗಿ ಮಾಡುವವರೂ ಇದನ್ನು ನೆನಪಿಡಬೇಕು. ಬಿಗಿತ ನೂರಕ್ಕೆ ಮೂವತ್ತು ಏರಿದರೆ ತಡೆಯೂ ನೂರಕ್ಕೆ ಹದಿನಾಲ್ಕು ಏರಬೇಕು, ಏಕೆಂದರೆ ತಡೆ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಹೊಸ ಬಿಗಿ ಸ್ಪ್ರಿಂಗಿಗೆ ಹಳೆಯ ಶಾಕ್ ಅಬ್ಸಾರ್ಬರ್ ಜೋಡಿಸುವುದು ಹೋರಿಗೆ ಹಳೆಯ ಹಗ್ಗ ಕಟ್ಟಿದಂತೆ.

ಹೀಗೆ ರಾಜಿಯಾಯಿತು. ಸ್ಪ್ರಿಂಗಿನ ಎತ್ತರ ಮೂಲದ್ದೇ ಇರಲಿ. ನಾಲ್ಕು ಹೊಸ ಶಾಕ್ ಅಬ್ಸಾರ್ಬರ್, ಹೊಸ ರಬ್ಬರ್ ಬುಷ್, ಮೇಲಿನ ಬೇರಿಂಗು, ಹೊಸ ಬಂಪ್ ಸ್ಟಾಪ್ ಹಾಕಿಸುವುದು. ದುಡ್ಡು ಅರ್ಧ ಮಗನದು, ಅರ್ಧ ಅಪ್ಪನದು. ಕೆಲಸ ಗ್ಯಾರೇಜಿನಲ್ಲಿ, ಮೇಸ್ತ್ರಿಯ ಕೈಯಲ್ಲಿ. ಮಗ ಪಕ್ಕದಲ್ಲಿ ನಿಂತು ಪಾನ ಕೊಡುವುದು. ಗಿಡ್ಡ ಸ್ಪ್ರಿಂಗು ಹಾಕಿಸಿದರೂ ಕೆಲಸದ ಕ್ರಮ ಇದೇ ಆದ್ದರಿಂದ ಅವನು ಕಂಡದ್ದನ್ನು ಇಲ್ಲಿ ಹೇಳಬಹುದು.

ಕಾರನ್ನು ಜಾಕಿನ ಮೇಲೆ ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಚಕ್ರ ಬಿಚ್ಚಿದರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದರೊಳಗೊಂದು ಸೇರಿದ ಕಂಬ ಕಾಣುತ್ತದೆ. ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿರುವ ಈ ಜೋಡಣೆಗೆ ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ನನ ಹೆಸರಿದೆ. ಬ್ರೇಕಿನ ರಬ್ಬರ್ ಕೊಳವೆ, ವೈರು ಜಗ್ಗದಂತೆ ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಕಂಬ ಹೊರಗೆ ಬಂದ ಮೇಲೆ ಮೇಸ್ತ್ರಿ ಕೆಲಸ ನಿಲ್ಲಿಸಿ ಹುಡುಗನನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸಿದ.

"ಮೇಲಿನ ನಟ್ಟು ಈಗ ಬಿಚ್ಚಿದ್ರೆ ಏನಾಗುತ್ತೆ ಗೊತ್ತೇನಪ್ಪ? ಸ್ಪ್ರಿಂಗು ತಲೆ ಮೇಲಿನ ತಗಡು ಹಾರಿಸ್ಕೊಂಡು ಹೋಗುತ್ತೆ. ಎದುರಿಗೆ ಯಾರಿದಾರೆ ಅಂತ ಅದು ನೋಡಲ್ಲ."

ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮಿಲಿಮೀಟರಿಗೆ 20 ನ್ಯೂಟನ್ ಬಿಗಿತದ ಸ್ಪ್ರಿಂಗನ್ನು 15 ಸೆಂಟಿಮೀಟರ್ ಅದುಮಿ ಹಿಡಿದರೆ ಅದರಲ್ಲಿ ಅಡಗುವ ಶಕ್ತಿ 225 ಜೂಲ್. 23 ಕಿಲೋ ತೂಕದ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಮೂಟೆ ಬೀಳುವಾಗ ಸರಿದು ನಿಲ್ಲಬಹುದು; ಸ್ಪ್ರಿಂಗು ಸರಿಯಲು ಸಮಯ ಕೊಡುವುದಿಲ್ಲ. ಅದಕ್ಕೇ ಸರಿಯಾದ ಕಂಪ್ರೆಸರಿನಿಂದ ಎರಡೂ ಬದಿ ಸಮನಾಗಿ ಅದುಮಿ, ಮೇಲಿನ ತಗಡಿನ ಭಾರ ಸಡಿಲವಾದ ಮೇಲಷ್ಟೇ ನಟ್ಟು ಬಿಚ್ಚುವುದು. ಮನೆಯ ಶೆಡ್ಡಿನಲ್ಲಿ ಹಗ್ಗ, ತಂತಿ ಕಟ್ಟಿ ಮಾಡುವ ಕೆಲಸ ಇದಲ್ಲ. ವಿಡಿಯೋದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸದಲ್ಲಿ ತಂದೆತಾಯಂದಿರು ನಿಜವಾಗಿ ಹೆದರಬೇಕಾದ ಜಾಗ ಇದೊಂದೇ.

ಇನ್ನೊಂದು ಸೂಕ್ಷ್ಮ. ಕೆಳಗಿನ ತೋಳುಗಳ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಕೊನೆಯ ಬಿಗಿ ಮಾಡಬಾರದು. ಕಾರು ತನ್ನ ಕಾಲ ಮೇಲೆ ನಿಂತ ಎತ್ತರದಲ್ಲಿ ಬಿಗಿ ಮಾಡಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಲೇಬೇಕು. ಕಾರು ಇಳಿಸಿದವರಿಗಂತೂ ಇದು ತಪ್ಪದ ಕರ್ತವ್ಯ. ಎತ್ತರ ಬದಲಾದಾಗ ಚಕ್ರದ ವಾಲುವಿಕೆ, ದಿಕ್ಕು ಎರಡೂ ಬದಲಾಗಿ ಟೈರಿನ ಒಳ ಅಂಚು ಗೊತ್ತಾಗದಂತೆ ಸವೆಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ಜಾಗವನ್ನೂ ಸರಿಮಾಡಿಸಬೇಕು. ಮಿತಿಮೀರಿ ಇಳಿಸಿದರೆ ಇನ್ನೊಂದು ವಿಚಿತ್ರವಿದೆ. ಈ ಬಗೆಯ ಜೋಡಣೆಯಲ್ಲಿ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಸನ್ನೆಯ ಉದ್ದ ಹೆಚ್ಚುತ್ತದೆ. ವಾಲುವುದನ್ನು ತಪ್ಪಿಸಲು ಇಳಿಸಿದ ಕಾರು ಇನ್ನಷ್ಟು ವಾಲಲು ಹವಣಿಸುತ್ತದೆ!

ರಸ್ತೆಯ ಮಾತೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ಇರಬೇಕಿತ್ತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತೆ. ಮುಂದಿನ ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರು ಇಂಥ ಹಂಪಿನ ಮೇಲೆ ನಿಂತರೆ ನಡುವೆ ಉಬ್ಬುವುದು ಎಷ್ಟು? 2.4ರ ವರ್ಗವನ್ನು 17ರ ಎಂಟರಷ್ಟರಿಂದ ಭಾಗಿಸಿದರೆ 0.042 ಮೀಟರ್, ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಇಳಿಸಿದ ಕಾರೂ ಆರಾಮವಾಗಿ ದಾಟುತ್ತದೆ. ಆದರೆ ನಮ್ಮ ಬೀದಿಗಳಲ್ಲಿ ಊರವರೇ ಸೇರಿ ಹಾಕಿದ, ಒಂದಡಿ ಅಗಲ ಹದಿನೈದು ಸೆಂಟಿಮೀಟರ್ ಎತ್ತರದ ದಿಬ್ಬ ಬಂದರೆ ಆ ಹದಿನೈದೂ ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ. ಪುಸ್ತಕದ ಹಂಪಿಗೆ ಕಾರು ಇಳಿಸಬಹುದು. ಬೀದಿಯ ಹಂಪಿಗೆ ಸಾಧ್ಯವಿಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಂ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ನಿಯಮ ಒಪ್ಪದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ದಂಡ ಕಟ್ಟಬೇಕಾದವನು ಮಾಲೀಕ. ಮನೆಯ ಕಾರಿನ ಮಾಲೀಕರು ಸಾಮಾನ್ಯವಾಗಿ ಅಪ್ಪ ಎಂಬುದನ್ನು ಹುಡುಗರು ನೆನಪಿಡಬೇಕು. ಎತ್ತರಕ್ಕೆ ಕೈ ಹಾಕುವ ಮುನ್ನ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಜಾಣತನ.

ಮಕ್ಕಳ ಇಂಥ ಆಸೆಗಳನ್ನು ತಂದೆತಾಯಂದಿರು ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಸ್ಥಿತಿಸ್ಥಾಪಕತೆಯ ಅಧ್ಯಾಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹುಡುಗ ಅದೇ ಅಧ್ಯಾಯವನ್ನು ಅಂಗಳದಲ್ಲಿ ಟೇಪು ಹಿಡಿದು ಮತ್ತೆ ಓದುವ ಅವಕಾಶ ಎಷ್ಟು ಸಲ ಬರುತ್ತದೆ? "ಬೇಡ" ಎಂದಿದ್ದರೆ ಅವನು ಗೆಳೆಯನ ಶೆಡ್ಡಿಗೆ ಹೋಗುತ್ತಿದ್ದ. "ಹೂಂ" ಎಂದಿದ್ದರೆ ಅಜ್ಜಿಯ ಬೆನ್ನು ಉತ್ತರ ಹೇಳಬೇಕಾಗುತ್ತಿತ್ತು. "ಬರೆದು ತೋರಿಸು" ಎಂದದ್ದರಿಂದ ಮಗನಿಗೆ 0.9 ಸಿಕ್ಕಿತು, ಅಪ್ಪನಿಗೆ ಸೋರುವ ಶಾಕ್ ಅಬ್ಸಾರ್ಬರ್ ಸಿಕ್ಕಿತು. ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಇವೆರಡನ್ನೂ ಕಾಣುತ್ತಿರಲಿಲ್ಲ.

ಮುಂದಿನ ತಿಂಗಳು ಮಗನೇ ಕಾರು ಓಡಿಸಿಕೊಂಡು ತೀರ್ಥಹಳ್ಳಿ ಕಡೆಗೆ ಹೋಗಿ ಬಂದ. ಚಕ್ರದ ಮೇಲೆ ನಾಲ್ಕು ಬೆರಳಿನ ಜಾಗ ಹಾಗೆಯೇ ಇದೆ; ಗೆಳೆಯರು ಅಣಕಿಸುವುದೂ ನಿಂತಿಲ್ಲ. ತಿರುವುಗಳಲ್ಲಿ ಮಾತ್ರ ಕಾರು ಮೊದಲಿನಂತೆ ಓಲಾಡುವುದಿಲ್ಲ. ಶಿವಮೊಗ್ಗ ತಲುಪಿ ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ಅಜ್ಜಿ, "ಊರು ಬಂತೇನೋ? ಸ್ವಲ್ಪ ಕಣ್ಣು ಹತ್ತಿತ್ತು" ಎಂದರಂತೆ.